ಮಡಿಗೂ ಮರಿಗೂ ನಡುವೆ

ಉಚ್ಚೆಗೂ ಹುಚ್ಚಿಗೂ ಇರುವುದು ಒಂದು ಹಕಾರದ ಅಂತರ. ಆ ಅಂತರವನ್ನು ನಾನು ಡಿಸೆಂಬರ್ ಮುಗಿಯುವುದರೊಳಗೆ ದಾಟಿದ್ದೆ.

ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಆಫೀಸಿನ ಕುರ್ಚಿಯಿಂದ ಎದ್ದು, ಕೋಟು ಹಾಕಿಕೊಂಡು, ಕಾರಿನ ಗಾಜಿನ ಮೇಲಿನ ಮಂಜು ಕೆರೆದು, ಯೂನಿಯನ್‌ವಿಲ್ ಎಂಬ ಈ ಪರದೇಶದ ಊರಿನ ನಮ್ಮ ಮನೆಗೆ ಹನ್ನೆರಡು ನಿಮಿಷ ಓಡಿಸಿಕೊಂಡು ಬರುತ್ತಿದ್ದೆ. ಬಾಗಿಲು ತೆಗೆದ ಕೂಡಲೇ ಮೂಗಿಗೆ ಸುದ್ದಿ ಮುಟ್ಟುತ್ತಿತ್ತು. ಮಂಡಿಯೂರಿ ಒರೆಸಿ, ಸ್ಪ್ರೇ ಹೊಡೆದು, ಮತ್ತೆ ಒರೆಸಿ, ನಾಯಿಮರಿಯನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಹಿಮದಲ್ಲಿ ನಿಲ್ಲಿಸಿ, "ಮಾಡೋ ರಾಜಾ, ಮಾಡೋ" ಎಂದು ಬೇಡಿಕೊಂಡು, ನಿಂತೇ ಮೊಸರನ್ನ ನುಂಗಿ, ಮತ್ತೆ ಹನ್ನೆರಡು ನಿಮಿಷ. ಒಂದು ಗಂಟೆಗೆ ಎಲ್ಲರೂ ನಿಂತೇ ಮಾಡುವ ಸ್ಟ್ಯಾಂಡಪ್ ಮೀಟಿಂಗು. ಇಪ್ಪತ್ತೈದರ ಹುಡುಗರೆಲ್ಲ ಆರಾಮಾಗಿ ನಿಂತಿರುತ್ತಿದ್ದರು. ನಾನು ಮಂಡಿ ನೀವಿಕೊಳ್ಳುತ್ತಿದ್ದೆ.

ನಮ್ಮ ಮ್ಯಾನೇಜರ್ ಹೆಸರು ಡಗ್. ಮನೆಯಲ್ಲಿ ಡಾಗ್, ಆಫೀಸಿನಲ್ಲಿ ಡಗ್. ಇಬ್ಬರಲ್ಲಿ ಒಬ್ಬರಾದರೂ ನನ್ನ ಮೇಲೆ ಕರುಣೆ ತೋರಿಸಬಹುದಿತ್ತು. ಡಗ್ ಬೈಯುವವನಲ್ಲ. "ನೋ ವರೀಸ್, ನೀರಾ-ಜಾ" ಎಂದು ನನ್ನ ಹೆಸರನ್ನು ಎರಡು ತುಂಡು ಮಾಡಿ, ಎರಡನೆಯ ತುಂಡನ್ನು ಮೂಗಿನಿಂದ ಬಿಡುತ್ತಾನೆ. ಆ 'ನೋ ವರೀಸ್' ವರ್ಷದ ಕೊನೆಯ ವರದಿಯಲ್ಲಿ 'ಮಧ್ಯಾಹ್ನದ ಹೊತ್ತು ಕೈಗೆ ಸಿಗುವುದಿಲ್ಲ' ಎಂಬ ಸಾಲಾಗಿ ಹುಟ್ಟಿ ಬಂದಿತ್ತು.

ಮರಿಯ ಹೆಸರು ಕೋಡುಬಳೆ. ಅರ್ಧ ಲ್ಯಾಬ್ರಡಾರ್, ಇನ್ನರ್ಧ ಯಾರಿಗೂ ಗೊತ್ತಿಲ್ಲದ ಬೀದಿ. ಬಾಲ ಸುತ್ತಿಕೊಂಡು ಬೆನ್ನಿನ ಮೇಲೆ ಕೂತಿದ್ದರಿಂದ ನನ್ನ ಮಗಳು ಮಾನ್ಯಾ ಆ ಹೆಸರಿಟ್ಟಳು. ಅವಳಿಗೆ ಹನ್ನೊಂದು ವರ್ಷ. ನಾಯಿ ಯಾಕೆ ಬೇಕು ಎಂದು ಇಪ್ಪತ್ತಾರು ಸ್ಲೈಡಿನ ಭಾಷಣ ತಯಾರಿಸಿ ಹಾಲಿನ ಟೀವಿಯಲ್ಲಿ ತೋರಿಸಿದ್ದಳು. ಕೊನೆಯ ಸ್ಲೈಡಿಗೆ ಅವಳಪ್ಪ ಕರಗಿದ. "ಬೆಳಿಗ್ಗೆ ನಾನು ಹೊರಗೆ ಕರ್ಕೊಂಡು ಹೋಗ್ತೀನಿ, ಪ್ರಾಮಿಸ್" ಎಂದ. 2017ರ ದೀಪಾವಳಿಯ ಶನಿವಾರ ಮರಿ ಮನೆಗೆ ಬಂತು. ಪ್ರಾಮಿಸ್ ಮುಂದಿನ ಬುಧವಾರದವರೆಗೆ ಬಾಳಿತು. ಗುರುವಾರ ಚಳಿ ಶುರುವಾಯಿತು.

ನನ್ನ ಗಂಡ ಉಮಾಶಂಕರ ಓಕ್‌ವಿಲ್‌ನ ಕಾರು ಕಾರ್ಖಾನೆಯಲ್ಲಿ ಎಂಜಿನಿಯರು. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟರೆ ಸಂಜೆ ಐದಕ್ಕೆ ವಾಪಸು. ನಾವಿಬ್ಬರೂ ಮೈಸೂರಿನ ಒಂದೇ ಕಾಲೇಜಿನ ಒಂದೇ ಬೆಂಚಿನವರು, ಹಾಗಾಗಿ ಏಕವಚನ. ಕೋಪ ಬಂದಾಗ ಮಾತ್ರ ನನ್ನ ಬಾಯಲ್ಲಿ 'ರೀ' ಹೊರಡುತ್ತದೆ. ಆ ಚಳಿಗಾಲ ಪೂರ್ತಿ ಅವನು 'ರೀ' ಆಗಿಯೇ ಉಳಿದ.

ಹಗಲು ಮನೆಯಲ್ಲಿ ಇರುತ್ತಿದ್ದವರು ಅತ್ತೆ, ಲೀಲಮ್ಮ. ಮಾವನವರ ವರ್ಷಾಬ್ದಿಕ ಮುಗಿಸಿ ಆಗಸ್ಟಿನಲ್ಲಿ ಮೈಸೂರಿನಿಂದ ಬಂದಿದ್ದರು. ಬಂದ ಎರಡೇ ದಿನಕ್ಕೆ ಬಾಗಿಲ ಪಕ್ಕದ ಕೋಟು ಇಡುವ ಕಪಾಟು ದೇವರಮನೆಯಾಯಿತು. ಕೋಟುಗಳು ಮೆಟ್ಟಿಲ ಕಂಬಿಯ ಮೇಲೆ ನೇತಾಡತೊಡಗಿದವು. ಬೆಳಿಗ್ಗೆ ನಾವೆಲ್ಲ ಹೊರಟ ಮೇಲೆ ತಲೆಗೆ ಸ್ನಾನ, ಮಡಿ ಸೀರೆ, ಪೂಜೆ, ಅಡುಗೆ. ಅತ್ತೆಗೆ ಮಡಿ, ಮಗಳಿಗೆ ಮರಿ. ಮಗಳು 'ಪಪ್ಪಿ' ಎಂದರೆ ಅತ್ತೆ 'ಪಾಪಿ' ಎನ್ನುತ್ತಿದ್ದರು. ಕೋಡುಬಳೆ ಎಂದು ಒಮ್ಮೆಯೂ ಕರೆಯಲಿಲ್ಲ. "ತಿನ್ನೋ ಪದಾರ್ಥದ ಹೆಸರು ಅದಕ್ಕೆ ಯಾಕೇ ಇಟ್ರಿ? ಇನ್ನು ನಾನು ಕೋಡುಬಳೆ ಕರಿಯೋದು ಹೇಗೆ?" ಅವರ ಬಾಯಲ್ಲಿ ಅದು 'ಹಾಳಾದ್ದು'.

ಬಂದ ವಾರವೇ ಹಾಳಾದ್ದು ದೇವರಮನೆಯ ಮುಂದೆ ಉಚ್ಚೆ ಹೊಯ್ದಿತು. ಅತ್ತೆ ಅವತ್ತಿಡೀ ಊಟ ಮಾಡಲಿಲ್ಲ. ಮಾರನೆಯ ದಿನ ಊಟ ಮಾಡಿದರು. ನಾನು ಸದ್ಯ ಎಂದುಕೊಂಡೆ. ಹೇಗೆ ಒಪ್ಪಿದರು ಎಂದು ಕೇಳುವ ಪುರುಸೊತ್ತು ನನಗಿರಲಿಲ್ಲ.

ಮರಿಗೆ ಪಾಠ ಹೇಳಿಸಲಿಕ್ಕೆ ನಾನೂ ಉಮಾಶಂಕರನೂ ಆರು ಶನಿವಾರ ತರಗತಿಗೆ ಹೋದೆವು. ಹೇಳಿಕೊಡುತ್ತಿದ್ದ ಹೆಂಗಸು ನಾಯಿಗಳ ಜೊತೆ ಮಾತಾಡುವ ಧ್ವನಿಯಲ್ಲೇ ನಮ್ಮ ಜೊತೆಗೂ ಮಾತಾಡುತ್ತಿದ್ದಳು: "ಗುಡ್ ಜಾಬ್, ಡ್ಯಾಡಿ! ಸಿಟ್, ಡ್ಯಾಡಿ!" ಉಮಾಶಂಕರ ಕೂತ. ಅವಳು ಮೊದಲ ದಿನವೇ ಹೇಳಿದ್ದಳು: ನಾಯಿಯ ಕಕ್ಕಸು ಅದರ ಮೂಗಿನಲ್ಲಿದೆ, ಎಲ್ಲಿ ಉಚ್ಚೆಯ ವಾಸನೆ ಇದೆಯೋ ಅಲ್ಲಿಗೇ ಅದು ಮತ್ತೆ ಬರುತ್ತದೆ, ಆದ್ದರಿಂದ ಮನೆಯೊಳಗೆ ವಾಸನೆಯ ಎಳೆಯೂ ಉಳಿಯಬಾರದು. ಉಮಾಶಂಕರ ತಲೆ ಆಡಿಸಿದ. ಫೋನು ನೋಡುತ್ತಾ ತಲೆ ಆಡಿಸಿದ ಎಂಬುದನ್ನು ನಾನು ಆಗ ಗಮನಿಸಲಿಲ್ಲ.

ನನ್ನ ಕೆಲಸ ಸಾಫ್ಟ್‌ವೇರಿನಲ್ಲಿ ಹುಳುಕು ಹುಡುಕುವುದು. ಮನೆಯಲ್ಲೂ ಅದನ್ನೇ ಮಾಡಿದೆ. ಫ್ರಿಜ್ಜಿಗೆ ಹಾಳೆ ಅಂಟಿಸಿದೆ: ಯಾವತ್ತು, ಎಷ್ಟು ಹೊತ್ತಿಗೆ, ಎಲ್ಲಿ. ಎರಡು ತಿಂಗಳಲ್ಲಿ ಹಾಳೆ ಮೂರು ಜಾಗ ತೋರಿಸಿತು: ದೇವರಮನೆಯ ಮುಂದೆ, ಒಲೆಯ ಮುಂದೆ, ಅತ್ತೆಯ ಕೋಣೆಯ ಬಾಗಿಲಲ್ಲಿ. ಇನ್ನೊಂದು ವಿಚಿತ್ರ: ಶನಿವಾರ, ಭಾನುವಾರ ಒಂದು ಹನಿಯೂ ಇಲ್ಲ. ನಾವು ಮನೆಯಲ್ಲಿದ್ದ ದಿನ ಮರಿ ಸರಿ. ಅತ್ತೆ ಒಬ್ಬರೇ ಇದ್ದ ದಿನ ಕೆರೆ.

ತೀರ್ಮಾನಕ್ಕೆ ನನಗೆ ಅರ್ಧ ನಿಮಿಷ ಸಾಕಾಯಿತು.

"ಅತ್ತೆ, ಒಂಬತ್ತಕ್ಕೆ ಒಂದ್ಸಲ, ಎರಡೂವರೆಗೆ ಒಂದ್ಸಲ ಹಿತ್ಲಿಗೆ ಬಿಡಿ ಅಂದಿದ್ನಲ್ಲ?"

"ಬಿಡ್ತಾ ಇದ್ದೀನಲ್ಲೇ."

"ಬಿಟ್ಟಿದ್ರೆ ಹೀಗಾಗ್ತಿತ್ತಾ?"

"ನಾನೇನು ಅದರ ಜೊತೆ ಸೇರ್ಕೊಂಡು ಹೊಯ್ತೀನಾ?"

ಇದು ನಮ್ಮ ನಿತ್ಯಪಾಠ. ಕಾರಿನಲ್ಲಿ ಮಾನ್ಯಾಳನ್ನು ಶಾಲೆಗೆ ಬಿಡುವಾಗ ನಾನು ಅತ್ತೆಯ ದನಿ ತೆಗೆಯುತ್ತಿದ್ದೆ: "ಬಿಡ್ತಾ ಇದ್ದೀನಲ್ಲೇಏಏ." ಆ ಕೊನೆಯ ಏಕಾರವನ್ನು ಹಪ್ಪಳದಂತೆ ಅಗಲ ಮಾಡಿ, ತುದಿಯಲ್ಲಿ ಮುರಿಯಬೇಕು. ಮಾನ್ಯಾ ಹಿಂದಿನ ಸೀಟಿನಲ್ಲಿ ಉರುಳಾಡಿ ನಗುತ್ತಿದ್ದಳು. ಒಮ್ಮೆ ನಗು ನಿಲ್ಲಿಸಿ, "ಅಮ್ಮಾ, ದಟ್ಸ್ ಕೈಂಡಾ ಮೀನ್" ಎಂದಳು. ಹಾಗೆ ಅಣಕಿಸುವುದು ಕೆಟ್ಟದ್ದು, ನಿಜ; ಆದರೂ ಬಿಡಲಿಲ್ಲ. ದಿನಕ್ಕೆ ಎಂಟು ಗಂಟೆ ಡಗ್‌ಗೆ ನಕ್ಕು ತೋರಿಸುವವಳಿಗೆ ಕೋಪ ಹೊರಗೆ ಹಾಕಲಿಕ್ಕೂ ಒಂದು ಹಿತ್ತಿಲು ಬೇಕು.

ಹೊಸ ವರ್ಷದ ದಿನ ಉಮಾಶಂಕರ ತೀರ್ಪು ಕೊಟ್ಟ. ಹಿಂದಿನ ಶುಕ್ರವಾರ ಸಂಜೆ ಅವನು ಕಾಲುಚೀಲ ಹಾಕಿಕೊಂಡು ಒದ್ದೆ ಕಲೆಯ ಮೇಲೆ ಕಾಲಿಟ್ಟಿದ್ದೇ ಕಾರಣ.

"ನೋಡು ನೀರೂ, ಸಂಕ್ರಾಂತಿವರೆಗೂ ನೋಡೋಣ. ಸರಿಹೋಗ್ಲಿಲ್ಲ ಅಂದ್ರೆ ತಿಪ್ಪಣ್ಣನಿಗೆ ಕೊಟ್ಟುಬಿಡೋಣ. ಮಾತಾಡಿದೀನಿ."

"ಮಾತಾಡಿದೀರಾ? ಯಾರನ್ನ ಕೇಳಿ ಮಾತಾಡಿದ್ರೀ?"

ತಿಪ್ಪಣ್ಣ ಅವನ ಜೊತೆ ಕೆಲಸ ಮಾಡುವವರು, ಗದಗದ ಕಡೆಯವರು, ಊರಾಚೆ ದೊಡ್ಡ ಹಿತ್ತಿಲಿನ ಮನೆ. ಫೋನನ್ನು ಸ್ಪೀಕರಿಗೆ ಹಾಕಿದ. "ವೈನಿ, ಕಾಳಜಿ ಮಾಡಬ್ಯಾಡ್ರಿ," ಎಂದು ಆ ಕಡೆಯ ಸಂತೋಷ ಗುಡುಗಿತು, "ನಾಯಿ ಅಂದ್ರ ನಾಯಿರೀ. ಅದೇನ ಪಾಳಿ ಹಚ್ಚಿ ಸಂಡಾಸಕ್ಕ ಹೋಗತೈತೇನ್ರಿ? ನಮ್ಮ ಹಿತ್ತಲದಾಗ ಎಲ್ಲಿ ಕಾಲ ಎತ್ತಿದ್ರೂ ಯಾರೂ ಕೇಳೂದಿಲ್ಲ."

ಮಾನ್ಯಾ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಳು. ಅಳಲಿಲ್ಲ. ಅವತ್ತಿನಿಂದ ಹಾಸಿಗೆಯನ್ನು ಕೆಳಗೆ ತಂದು ಮರಿಯ ಪಂಜರದ ಪಕ್ಕ ಹಾಕಿಕೊಂಡಳು, ಅಪ್ಪನ ಜೊತೆ ಮಾತು ಬಿಟ್ಟಳು. ನನಗೇ ಆಶ್ಚರ್ಯವಾಗುವಂತೆ, ಅದನ್ನು ಕೊಡಲು ನನಗೂ ಮನಸ್ಸಿರಲಿಲ್ಲ. ಮೂರು ತಿಂಗಳ ನನ್ನ ಊಟದ ಹೊತ್ತನ್ನೆಲ್ಲ ತಿಂದದ್ದು ಈ ಪ್ರಾಣಿ. ಆದರೆ ನಾನು ನಿಂತು ಮೊಸರನ್ನ ತಿನ್ನುವಾಗ ನನ್ನ ಬೂಟಿನ ಮೇಲೆ ಗದ್ದ ಇಟ್ಟು, ಏನನ್ನೂ ಕೇಳದೆ ಕಣ್ಣು ಮುಚ್ಚುತ್ತಿದ್ದದ್ದೂ ಇದೇ. ಇಡೀ ದಿನದಲ್ಲಿ ನನ್ನಿಂದ ಏನನ್ನೂ ಕೇಳದ ಜೀವ ಇನ್ನೊಂದಿರಲಿಲ್ಲ.

ಹಾಗಾಗಿ ಕ್ಯಾಮೆರಾ ತಂದೆ. ಮುಷ್ಟಿ ಗಾತ್ರದ್ದು, ಫೋನಿನಲ್ಲಿ ಮನೆ ಕಾಣುತ್ತದೆ, ಅಲ್ಲಿನ ಮಾತೂ ಕೇಳುತ್ತದೆ, ಒಂದು ಗುಂಡಿ ಒತ್ತಿದರೆ ನಮ್ಮ ಮಾತು ಅಲ್ಲಿ ಕೇಳುತ್ತದೆ. ಸಂಕ್ರಾಂತಿಯ ಹಿಂದಿನ ಮಂಗಳವಾರ ಬೆಳಿಗ್ಗೆ ಅದನ್ನು ಫ್ರಿಜ್ಜಿನ ಮೇಲೆ, ಕಾರ್ನ್‌ಫ್ಲೇಕ್ಸ್ ಡಬ್ಬಿಗಳ ಸಂದಿಯಲ್ಲಿ ಕೂರಿಸಿದೆ. ಅಲ್ಲಿಂದ ಅಡುಗೆಮನೆ, ದೇವರ ಕಪಾಟು, ಹಿಂಬಾಗಿಲು ಎಲ್ಲ ಕಾಣುತ್ತಿದ್ದವು. ಯಾರಿಗೂ ಹೇಳಲಿಲ್ಲ. ಸಾಕ್ಷಿ ಸಮೇತ ಅತ್ತೆಯನ್ನು ಹಿಡಿಯುವುದು ನನ್ನ ಉದ್ದೇಶ.

ಒಂಬತ್ತು ಗಂಟೆ. ಆಫೀಸಿನಲ್ಲಿ ಫೋನನ್ನು ಕಾಫಿ ಮಗ್ಗಿಗೆ ಒರಗಿಸಿ ಕೂತೆ. ಹೊರಗೆ ಮೈನಸ್ ಹದಿನಾರು. ಅತ್ತೆ ಕೋಣೆಯಿಂದ ಬಂದರು: ಮಾವನವರ ಹಳೆಯ ಸ್ವೆಟರು, ಮಂಕಿಕ್ಯಾಪು, ಕಾಲುಚೀಲದ ಮೇಲೆ ಮಾನ್ಯಾಳ ಹಿಮದ ಬೂಟು. ಮರಿಗೆ ಬಾರು ಕಟ್ಟಿದರು. ಬೆನ್ನು ಹಿಡಿದುಕೊಂಡು ಬಾಗಿ, ಎರಡನೆಯ ಪ್ರಯತ್ನಕ್ಕೆ ಕಟ್ಟಿದರು. ಹಿಂಬಾಗಿಲು ತೆಗೆದು ಹೊರಗೆ ಹೋದರು. ಒಂದು ನಿಮಿಷ, ಎರಡು, ಐದು. ಗಾಜಿನಾಚೆ ಆ ಮಂಕಿಕ್ಯಾಪು ಕದಲದೆ ನಿಂತೇ ಇತ್ತು. ಏಳನೆಯ ನಿಮಿಷಕ್ಕೆ ಒಳಗೆ ಬಂದು, ಹಳೆಯ ಸೀರೆಯ ತುಂಡಿನಿಂದ ಮರಿಯ ನಾಲ್ಕೂ ಪಾದ ಒರೆಸಿದರು. ಒರೆಸುವಾಗ ಅದಕ್ಕೆ ಏನೋ ಬೈಯುತ್ತಲೇ ಇದ್ದರು.

ನನ್ನ ಕಿವಿ ಬಿಸಿಯಾಯಿತು. 'ಬಿಡ್ತಾ ಇದ್ದೀನಲ್ಲೇ.' ಬಿಡುತ್ತಲೇ ಇದ್ದರು. ಮೂರು ತಿಂಗಳಿಂದ.

ನಾಚಿಕೆಯನ್ನು ಪೂರ್ತಿ ಪಡಲಿಕ್ಕೂ ಬಿಡುವಾಗಲಿಲ್ಲ. ಹತ್ತು ಗಂಟೆಗೆ ಅತ್ತೆ ಸ್ನಾನ ಮಾಡಿ, ಒದ್ದೆ ಕೂದಲು ಗಂಟು ಹಾಕಿ, ಮಡಿ ಸೀರೆಯಲ್ಲಿ ದೇವರ ಕಪಾಟಿನ ಮುಂದೆ ನಿಂತರು. ಲಕ್ಷ್ಮಿ ಪಟದ ಹಿಂದಿನಿಂದ ಹಳದಿ ಮುಚ್ಚಳದ, ಹಸುವಿನ ಚಿತ್ರ ಅಂಟಿಸಿದ ಬಾಟಲಿ ತೆಗೆದರು. ಪಂಚಪಾತ್ರೆಗೆ ಬಗ್ಗಿಸಿ, ಉದ್ಧರಣೆಯಲ್ಲಿ ಎತ್ತಿ, ದೇವರ ಮುಂದೆ ನೆಲಕ್ಕೆ ಪ್ರೋಕ್ಷಣೆ ಮಾಡಿದರು. ಆಮೇಲೆ ಒಲೆಯ ಮುಂದೆ. ಆಮೇಲೆ ತಮ್ಮ ಕೋಣೆಯ ಬಾಗಿಲಿಗೆ.

ಮೂರು ಜಾಗ. ನನ್ನ ಹಾಳೆಯ ಮೂರು ಜಾಗ.

ಮರಿ ಎದ್ದು ಬಂತು. ಮೊದಲನೆಯ ಜಾಗವನ್ನು ಮೂಸಿತು. ಎರಡು ಸುತ್ತು ಹಾಕಿತು. ಕೂತು ಹೊಯ್ದಿತು. ಹೊಯ್ದು ಬಾಲ ಆಡಿಸಿತು. ತಪ್ಪು ಮಾಡಿದ ಪ್ರಾಣಿ ಹಾಗೆ ಬಾಲ ಆಡಿಸುವುದಿಲ್ಲ. ಹೇಳಿದ ಕೆಲಸ ಮುಗಿಸಿದ್ದು ಹಾಗೆ ಆಡಿಸುತ್ತದೆ. ಅತ್ತೆ "ಹಾಳಾದ್ದೇ!" ಎಂದು ಕಿರುಚಿ, ಒರೆಸಿ, ಕೈ ತೊಳೆದು, ಶುದ್ಧಿಗೆಂದು ಮತ್ತೆ ಬಾಟಲಿ ಎತ್ತಿದರು.

ಗೋಮೂತ್ರ! ನಾನು ದಿನಾ ಮಂಡಿಯೂರಿ ವಾಸನೆ ಅಳಿಸುತ್ತಿದ್ದೆ, ಅವರು ದಿನಾ ಪಂಚಪಾತ್ರೆಯಲ್ಲಿ ವಾಸನೆ ಬರೆಯುತ್ತಿದ್ದರು. ಶನಿವಾರ ಭಾನುವಾರ ನಾವು ಮನೆಯಲ್ಲಿರುತ್ತಿದ್ದೆವು, ಬಾಟಲಿ ಪಟದ ಹಿಂದೆಯೇ ಇರುತ್ತಿತ್ತು.

ಫೋನು ಹಿಡಿದು ಗಾಜಿನ ಮೀಟಿಂಗ್ ಕೋಣೆಗೆ ನುಗ್ಗಿದೆ. ಗುಂಡಿ ಒತ್ತಿದೆ.

"ಅತ್ತೇ! ನಿಲ್ಸಿ! ಅಲ್ಲಿ ಹಾಕ್ಬೇಡಿ!"

ಅತ್ತೆ ಬೆಚ್ಚಿ ಮೊದಲು ಲಕ್ಷ್ಮಿಯ ಮುಖ ನೋಡಿದರು. "ಯಾರು?"

"ನಾನು, ನೀರಜಾ!"

"ಎಲ್ಲಿದ್ದೀಯೇ?"

"ಫ್ರಿಜ್ ಮೇಲೆ!"

ಅತ್ತೆ ನಿಧಾನಕ್ಕೆ ತಿರುಗಿ ಫ್ರಿಜ್ಜಿನ ಬಳಿ ಬಂದರು. ತಲೆ ಎತ್ತಿದರು. ಫೋನಿನ ತುಂಬ ಅವರ ಮುಖ ತುಂಬಿಕೊಂಡಿತು.

"ಇದೇನಿದು?"

"ಕ್ಯಾಮೆರಾ, ಅತ್ತೆ. ನಾಯಿ ನೋಡೋಕೆ ಇಟ್ಟೆ."

"ನಾಯಿ ನೋಡೋಕೋ, ನಾಯಿ ನೋಡ್ಕೊಳ್ಳೋಳ್ನ ನೋಡೋಕೋ?"

ಸಿಕ್ಕಿಬಿದ್ದಾಗ ನಾನು ದನಿ ಏರಿಸುತ್ತೇನೆ. "ಅದಿರ್ಲಿ! ಮನೇಲಿ ಗೋಮೂತ್ರ ಹಾಕ್ತಾ ಇದ್ದೀರಲ್ಲ, ಆ ವಾಸನೆಗೇ ಅದು ಅಲ್ಲಿ ಹೊಯ್ತಾ ಇರೋದು! ಮೂರು ತಿಂಗಳು ನಾನು ಒರೆಸಿ ಒರೆಸಿ ಸತ್ತೆ. ಅದನ್ನ ಮಾನ್ಯಾ ಕೈಯಿಂದ ಕಿತ್ತು ಕೊಟ್ಟುಬಿಡೋ ಹಾಗಾಗಿದೆ. ಯಾರು ಕೊಟ್ರು ನಿಮ್ಗೆ ಅದನ್ನ?"

"ನಿನ್ನ ಗಂಡ ಕೊಟ್ಟ."

"ಯಾರು?"

"ನಿನ್ನ ಗಂಡ, ನನ್ನ ಮಗ, ಒಬ್ನೇ ತಾನೆ ಇರೋದು? ನಾನು ಊಟ ಬಿಟ್ಟೆ ಅಂತ ರೆಕ್ಸ್‌ಡೇಲ್ ಕಡೆ ಯಾವ್ದೋ ಅಂಗಡಿಯಿಂದ ತಂದ. 'ಅಮ್ಮ, ಇದನ್ನ ಹಾಕ್ಕೊಂಡು ಶುದ್ಧಿ ಮಾಡ್ಕೋ, ನೀರಜಾಗೆ ಹೇಳ್ಬೇಡ, ಸುಮ್ನೆ ರೇಗ್ತಾಳೆ' ಅಂದ. ಇದು ಮೂರನೇ ಬಾಟ್ಲಿ. ಇನ್ನೊಂದು ಮಾತು ಕೇಳ್ಕೋ. ಕಾರಲ್ಲಿ ನೀನು ನನ್ನ ಹಾಗೆ ಮಾತಾಡಿ ಮಗೂನ ನಗ್ಸೋದೂ ನಂಗೊತ್ತು. ಅವಳೇ ಮಾಡಿ ತೋರಿಸಿದ್ಲು. ಈಗ ಇದನ್ನ ಮುಚ್ಚು."

ಕಾರ್ನ್‌ಫ್ಲೇಕ್ಸ್ ಡಬ್ಬಿ ಹತ್ತಿರ ಬಂತು. ಫೋನಿನಲ್ಲಿ ಆ ಡಬ್ಬಿಯ ಮೇಲಿನ ಹುಂಜದ ಚಿತ್ರ ಮಾತ್ರ ಉಳಿಯಿತು.

ಗಾಜಿನಾಚೆ ಡಗ್ ನಿಂತಿದ್ದ. ಬಾಗಿಲು ಸಂದಿ ಮಾಡಿ ಕೇಳಿದ: ಮನೆಯಲ್ಲಿ ಎಲ್ಲ ಓಕೆಯಾ? ಮೂರು ತಿಂಗಳಿಂದ ನನ್ನ ಮನೆಯ ಪೂಜೆಯ ಜಾಗದಲ್ಲಿ ನಾಯಿ ಉಚ್ಚೆ ಹೊಯ್ಯುತ್ತಿದೆ, ಕಾರಣ ಈಗ ಸಿಕ್ಕಿತು ಎಂದೆ. "ಹೋಲಿ ಕೌ!" ಎಂದ ಡಗ್. ಇಷ್ಟು ವರ್ಷದಲ್ಲಿ ಅವನು ಒಂದು ತೊಂದರೆಯ ಮೂಲವನ್ನು ಸರಿಯಾಗಿ ಹೇಳಿದ್ದು ಅದೊಂದೇ ಸಲ.

ಸಂಜೆ ಉಮಾಶಂಕರ ಬೂಟು ಕಳಚುವುದರೊಳಗೆ ಹಿಡಿದೆ.

"ರೀ, ಆ ಕ್ಲಾಸಲ್ಲಿ ನೀವು ಕೂತಿದ್ರೋ, ನಿಮ್ಮ ಕೋಟು ಕೂತಿತ್ತೋ?"

"ಅಮ್ಮ ಊಟ ಬಿಟ್ಟಿದ್ರಲ್ಲೇ, ನಾನೇನ್ ಮಾಡ್ಬೇಕಿತ್ತು? ಅದು ಪವಿತ್ರ ಕಣೇ, ಅದಕ್ಕೂ ಇದಕ್ಕೂ…"

"ನಮಗೆ ಪವಿತ್ರ. ನಾಯಿ ಮೂಗಿಗೆ ಅದು ವಿಳಾಸ! ವಿಳಾಸ ಬರ್ದು ಕೊಟ್ಟೋರು ನೀವು. ಗಡುವು ಇಟ್ಟೋರೂ ನೀವೇ. ಒರೆಸಿದ್ದು ನಾನು, ಬೈಸ್ಕೊಂಡಿದ್ದು ನಿಮ್ಮಮ್ಮ. ಕೊನೆಗೆ ಮನೆ ಬಿಟ್ಟು ಹೋಗ್ಬೇಕಾದ್ದು ಆ ಮೂಕಪ್ರಾಣಿ!"

"ತಿಪ್ಪಣ್ಣಂಗೆ ಮಾತು ಕೊಟ್ಟಾಗಿದೆ. ಶನಿವಾರ ಬರ್ತಾನೆ, ವ್ಯಾನ್ ತರ್ತಾನೆ. ಈಗ ಏನಂತ ಹೇಳ್ಲಿ?"

"ಮಾತು ಕೊಟ್ಟಿದ್ದು ಮೊದಲು ಯಾರಿಗೆ? ಇಪ್ಪತ್ತಾರು ಸ್ಲೈಡ್ ಮಾಡಿದ್ದ ಹುಡುಗಿಗೆ!"

ಅವನು ಸೋತ. ಸೋತವನು ಮಾಡುವ ಕೆಲಸವನ್ನೇ ಮಾಡಿದ: ಷರತ್ತು ಹಾಕಿದ. ಶನಿವಾರದವರೆಗೆ ಒಳಗೆ ಒಂದು ಹನಿ ಬೀಳದಿದ್ದರೆ ಯೋಚಿಸೋಣ; ಬಿದ್ದರೆ ತಿಪ್ಪಣ್ಣ. ಮೂರು ತಿಂಗಳ ಪಾಠಕ್ಕೆ ಮೂರು ದಿನ. ಅದೂ ಹಗಲೆಲ್ಲ ಅತ್ತೆಯ ಕೈಯಲ್ಲಿ. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದರು.

ಬುಧವಾರ ಮಧ್ಯಾಹ್ನ ಮನೆಗೆ ಬಂದಾಗ ನೆಲ ಒದ್ದೆಯಿತ್ತು, ಅತ್ತೆ ಬೇಳೆ ಆರಿಸುತ್ತಾ ಕೂತಿದ್ದರು. ಒರೆಸಿದೆ. ಈ ಹನಿಯ ಸುದ್ದಿ ಉಮಾಶಂಕರನಿಗೆ ಹೇಳುವುದಿಲ್ಲ ಎಂದು ಆಗಲೇ ತೀರ್ಮಾನಿಸಿದೆ. ಆಮೇಲೆ ಫ್ರಿಜ್ಜಿನ ಮೇಲಿಂದ ಕ್ಯಾಮೆರಾ ಇಳಿಸಿ ಅವರ ಮುಂದೆ ಇಟ್ಟೆ.

"ತಪ್ಪಾಯ್ತು ಅತ್ತೆ. ನೀವು ಅದನ್ನ ಹೊರಗೆ ಬಿಡ್ತಾ ಇದ್ರಿ. ನಾನು ನಂಬ್ಲಿಲ್ಲ."

"ನಂಗ್ಯಾಕೆ ಇದು? ನಿನ್ನ ಗಂಡನ ಮೇಲೆ ಇಡು."

"ಇಡ್ತೀನಿ. ಈಗ ಆ ಬಾಟ್ಲಿ…"

ಬೇಳೆಯ ತಟ್ಟೆ ಟಪ್ಪೆಂದು ಕೆಳಗೆ ಬಿತ್ತು. "ಬಾಟ್ಲಿ ಬಾಟ್ಲಿ ಬಾಟ್ಲಿ! ನಾಯಿ ತರೋವಾಗ ಇಷ್ಟು ದೊಡ್ಡ ಟೀವಿಯಲ್ಲಿ ತೋರ್ಸಿದ್ರಲ್ಲ, ನನ್ನನ್ನ ಒಂದು ಮಾತು ಕೇಳಿದ್ರಾ? ಬೆಳಿಗ್ಗೆ ಎಂಟರೊಳಗೆ ಒಬ್ಬೊಬ್ರೇ ಬಾಗಿಲು ಹಾಕ್ಕೊಂಡು ಹೋಗ್ತೀರಿ. ಆಮೇಲೆ ನಾನು, ಅದು, ಆ ಬಿಳೀ ಹಿತ್ಲು. ಎಪ್ಪತ್ತೊಂದು ವರ್ಷಕ್ಕೆ ನಂಗೆ ಬೂಟು ಹಾಕ್ಸಿದ್ರಿ. ನಾನು ಬಿಟ್ಟೆ ಅಂದ್ರೆ ನಂಬಲ್ಲ. ದೇವರ ಮುಂದೆ ಒಂದು ಹನಿ ಹಾಕೋಣ ಅಂದ್ರೆ ಅದಕ್ಕೂ ನಾನೇ ಅಪರಾಧಿ. ಸರಿ! ಇನ್ನು ಈ ಮನೇಲಿ ಒಂದು ಹನಿ ಹಾಕೋದಿಲ್ಲ! ತಗೋ!"

ಎದ್ದರು. ಲಕ್ಷ್ಮಿಯ ಹಿಂದಿನಿಂದ ಬಾಟಲಿ ಕಿತ್ತರು. ಹಿಂಬಾಗಿಲು ತೆಗೆದು, ನಾನು ಆ ತೋಳಿನಲ್ಲಿ ಎಂದೂ ಕಂಡಿರದ ಶಕ್ತಿಯಿಂದ ಹೊರಕ್ಕೆ ಎಸೆದರು. ಮುಚ್ಚಳ ಸಡಿಲವಿತ್ತು. ಬಾಟಲಿ ಗಾಳಿಯಲ್ಲಿ ಉರುಳುತ್ತಾ ಹಿಮದ ಮೇಲೆ ಹಳದಿ ಗೆರೆ ಎಳೆದುಕೊಂಡು, ಬೇಲಿಯ ಮೂಲೆಗೆ ಬಡಿದು, ಅಲ್ಲೇ ಪೂರ್ತಿ ಸುರಿದುಹೋಯಿತು.

ಮರಿ ನಮ್ಮ ಕಾಲ ಸಂದಿಯಿಂದ ನುಗ್ಗಿ ಅದರ ಹಿಂದೆ ಓಡಿತು. ಹಿಮ ಹಾರಿಸುತ್ತಾ ಬೇಲಿಯ ಮೂಲೆ ತಲುಪಿತು. ಮೂಸಿತು. ಎರಡು ಸುತ್ತು ಹಾಕಿತು. ಕೂತಿತು.

ನಾವಿಬ್ಬರೂ ಬಾಗಿಲಲ್ಲಿ ನಿಂತೆವು. ಮೈನಸ್ ಹದಿನಾಲ್ಕರ ಗಾಳಿ ಮನೆಯೊಳಗೆ ನುಗ್ಗುತ್ತಿತ್ತು. ಇಬ್ಬರಿಗೂ ಬಾಗಿಲು ಹಾಕುವ ನೆನಪಾಗಲಿಲ್ಲ.

"ಅಲ್ಲಿ ಹೊಯ್ತು," ಎಂದರು ಅತ್ತೆ.

"ಹೊಯ್ತು."

"ಪಾಪ, ಅದರ ತಪ್ಪೇನೂ ಇಲ್ವಲ್ಲೇ. ಕರೆದೋಳು ನಾನು. ಕರೆದಲ್ಲಿಗೆ ಬರ್ತಿತ್ತು." ಸೆರಗು ಹೊದ್ದುಕೊಂಡು, "ನಿನ್ನ ಗಂಡನಿಗೆ ಫೋನ್ ಮಾಡು. ಇನ್ನೆರಡು ಬಾಟ್ಲಿ ತರೋಕ್ಕೆ ಹೇಳು. ಯಾಕೆ ಅಂತ ಹೇಳ್ಬೇಡ."

ಅವತ್ತು ಮಧ್ಯಾಹ್ನ ನಾನು ಆಫೀಸಿಗೆ ವಾಪಸು ಹೋಗಲಿಲ್ಲ. ಡಗ್‌ಗೆ 'ಮನೆಯಲ್ಲಿ ತುರ್ತು' ಎಂದು ಬರೆದೆ. 'ನೋ ವರೀಸ್' ಬಂತು. ನಾನೂ ಅತ್ತೆಯೂ ಮೂರೂ ಜಾಗಗಳನ್ನು ಸ್ಪ್ರೇ ಹೊಡೆದು, ಬಿಸಿನೀರಿನಲ್ಲಿ ಉಜ್ಜಿ, ಒಣಗಿಸಿ, ಮತ್ತೆ ಉಜ್ಜಿದೆವು. ನಾನು ಉಜ್ಜುವಷ್ಟು ಹೊತ್ತೂ ಗಂಡನನ್ನು ಬೈದೆ. ಅತ್ತೆ ಉಜ್ಜುವಷ್ಟು ಹೊತ್ತೂ ಮಗನನ್ನು ಬೈದರು. ಒಂದೇ ಮನುಷ್ಯನಾದ್ದರಿಂದ ಇಬ್ಬರಿಗೂ ಅನುಕೂಲವಾಯಿತು. ದೇವರ ಮುಂದೆ ಇನ್ನು ಅರಿಸಿನದ ನೀರು ಸಾಕು ಎಂದು ಅವರೇ ತೀರ್ಮಾನಿಸಿದರು. "ಮನಸ್ಸು ಶುದ್ಧ ಇದ್ರೆ ಸಾಕಂತೆ. ಈಗ ಮನಸ್ಸಿನ ತುಂಬ ಕೋಪ ಇದೆ, ಇರ್ಲಿ, ಅದೂ ಶುದ್ಧವಾದ ಕೋಪವೇ."

ಗುರುವಾರ ಒಂದು ಹನಿಯೂ ಬೀಳಲಿಲ್ಲ. ಶುಕ್ರವಾರವೂ ಇಲ್ಲ. ಬೇಲಿಯ ಮೂಲೆಯ ಹಿಮ ಮಾತ್ರ ಹಳದಿಯಾಗುತ್ತಾ ಹೋಯಿತು. ಫ್ರಿಜ್ಜಿನ ಹಾಳೆಯ ಮೇಲೆ ಮಾನ್ಯಾ ದೊಡ್ಡದಾಗಿ ಎರಡು ಸೊನ್ನೆ ಬರೆದಳು.

ಶನಿವಾರ ಹನ್ನೊಂದಕ್ಕೆ ತಿಪ್ಪಣ್ಣ ವ್ಯಾನ್ ತಂದರು. ಕಂಬಳಿ, ಹೊಸ ಬಟ್ಟಲು, ಒಂದು ಚೆಂಡು. ಒಳ್ಳೆಯ ಮನುಷ್ಯ, ಅದೇ ನನ್ನ ಸಿಟ್ಟನ್ನು ಹೆಚ್ಚಿಸಿತು. ಮಾನ್ಯಾ ಪಂಜರದ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಬರುವುದು ಬೇಡ ಎಂದು ಮೊದಲೇ ಹೇಳುವ ಧೈರ್ಯ ಮಾಡದ ಉಮಾಶಂಕರ, ತಿಪ್ಪಣ್ಣನ ಮುಖ ನೋಡಲಾರದೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

"ಎಲ್ಲೈತಿ ನಮ್ಮ ಹುಲಿ? ಬಿಡ್ರಿ ನೋಡೂಣು."

"ಪ್ಲೀಸ್, ಅಮ್ಮಾ," ಎಂದಳು ಮಾನ್ಯಾ. ನಾನು ಕಣ್ಣು ಮಾಡಿದೆ. ಅವಳು ಸರಿದಳು.

ಹೊಸ ಮನುಷ್ಯನನ್ನು ಕಂಡು ಮರಿಗೆ ಹುಚ್ಚೇ ಹಿಡಿಯಿತು. ಅವರ ಗಡ್ಡ ನೆಕ್ಕಿ, ಚೆಂಡು ಕಚ್ಚಿ, ಹಾಲನ್ನೆಲ್ಲ ಮೂರು ಸಲ ಸುತ್ತಿತು. ಆ ಸಂಭ್ರಮದಲ್ಲೇ ಏನಾಗಬಹುದು ಎಂದು ನನಗೆ ಗೊತ್ತಿತ್ತು. ಮರಿ ಥಟ್ಟನೆ ನಿಂತಿತು. ಚೆಂಡು ಬಿಟ್ಟಿತು. ಮೂಗು ನೆಲಕ್ಕೆ ಹಚ್ಚಿ ದೇವರ ಕಪಾಟಿನ ಮುಂದೆ ಹೋಯಿತು.

ಮೂಸಿತು. ಒಂದು ಸುತ್ತು ಹಾಕಿತು.

ಉಮಾಶಂಕರ ಬಾಯಿ ತೆರೆದ. "ಸುಮ್ನಿರೋ!" ಎಂದರು ಅತ್ತೆ, ಹಲ್ಲು ಕಚ್ಚಿ.

ಮರಿ ಇನ್ನೊಮ್ಮೆ ಮೂಸಿತು. ಅಲ್ಲಿ ಏನೂ ಇರಲಿಲ್ಲ. ತಲೆ ಎತ್ತಿತು. ಅತ್ತೆಯನ್ನು ನೋಡಿತು, ನನ್ನನ್ನಲ್ಲ, ಮಾನ್ಯಾಳನ್ನೂ ಅಲ್ಲ. ಹಿಂಬಾಗಿಲಿಗೆ ಓಡಿ ಉಗುರಿನಿಂದ ಪರಪರ ಕೆರೆಯಿತು.

"ಬಂದೆ ಇರು, ಹಾಳಾದ್ದೇ," ಎಂದು ಅತ್ತೆ ಎದ್ದರು. ಬೂಟಿನೊಳಗೆ ಕಾಲು ತೂರಿಸಿದರು. ಬಾಗಿಲು ತೆಗೆದು ಹಿಂತಿರುಗಿ ಹೇಳಿದರು: "ತಿಪ್ಪಣ್ಣೋರೇ, ನಾಳೆ ಸಂಕ್ರಾಂತಿ, ಎಳ್ಳು ಕೊಡ್ತೀನಿ, ಕಾಫಿ ಕುಡ್ಕೊಂಡು ಹೋಗಿ. ಇದು ಬರಲ್ಲ."

ತಿಪ್ಪಣ್ಣ ಉಮಾಶಂಕರನ ಮುಖ ನೋಡಿದರು. ನಮ್ಮ ಮೂವರ ಮುಖವನ್ನೂ ನೋಡಿದರು. "ಹೌದ್ರೀಯಮ್ಮಾ," ಎಂದು ಚೆಂಡನ್ನು ಮಾನ್ಯಾಳ ಕಡೆಗೆ ಉರುಳಿಸಿದರು. "ಉಮಾ, ನೀ ಒಬ್ಬಾಂವ ಬರ್ತಿ ಏನಪಾ? ಕಂಬಳಿ ಐತಿ."

ಮರಿ ಉಳಿಯಿತು. ಹಾಗೆಂದು ನನ್ನ ಕೋಪವೂ ಉಳಿಯಬಾರದೆಂದು ಎಲ್ಲಿದೆ? ಭಾನುವಾರ ಎಳ್ಳುಬೆಲ್ಲ ತಿಂದು ಎಲ್ಲರೂ ಒಳ್ಳೆಯ ಮಾತನಾಡಿದ ಮೇಲೆ ಅತ್ತೆ ಮಗನಿಗೆ ಆಜ್ಞೆ ಕೊಟ್ಟರು: ಬೆಳಿಗ್ಗೆ ಐದು ಗಂಟೆಯ ಸರದಿ ಅವನದು, ಈ ಸಲ ಬುಧವಾರಕ್ಕೆ ಮುಗಿಯುವಂಥದ್ದಲ್ಲ. ಬೇಲಿಯ ಮೂಲೆಗೆ ವಾರಕ್ಕೊಮ್ಮೆ ಬಾಟಲಿ ಸುರಿಯುವುದೂ ಅವನದೇ.

"ಅಮ್ಮ, ಮೈನಸ್ ಇಪ್ಪತ್ತು ಇರುತ್ತೆ!"

"ನಂಗೆ ಗೊತ್ತು. ನಾನೂ ಅಲ್ಲೇ ನಿಂತಿದ್ದೆ."

ಕ್ಯಾಮೆರಾ ಈಗ ಹಿಂಬಾಗಿಲ ಗಾಜಿಗೆ ಅಂಟಿಕೊಂಡಿದೆ, ಮುಖ ಹಿತ್ತಿಲ ಕಡೆ. ಸೋಮವಾರ ಬೆಳಿಗ್ಗೆ ಐದಕ್ಕೆ ಹಾಸಿಗೆಯಲ್ಲೇ ಮಲಗಿ ಫೋನು ತೆರೆದೆ. ದೀಪದ ಬೆಳಕಿನಲ್ಲಿ ಉಮಾಶಂಕರ ಒಂದು ಕೈಯಲ್ಲಿ ಬಾರು, ಇನ್ನೊಂದರಲ್ಲಿ ಬಾಟಲಿ ಹಿಡಿದು, ಬರಿತಲೆಯಲ್ಲಿ ನಡುಗುತ್ತಾ ನಿಂತಿದ್ದ. ಬಾಗಿಲನ್ನು ನಾಲ್ಕು ಬೆರಳು ತೆರೆದೇ ಇಟ್ಟಿದ್ದ, ಬಿಸಿ ಸಿಗಲಿ ಎಂದು. ಮರಿ ಅವಸರವಿಲ್ಲದೆ ಹಿಮ ಮೂಸುತ್ತಿತ್ತು. ನಾನು ಗುಂಡಿ ಒತ್ತಿ, ಕೊನೆಯ ಏಕಾರವನ್ನು ಹಪ್ಪಳದಷ್ಟು ಅಗಲ ಮಾಡಿ, ಅತ್ತೆಯ ದನಿ ತೆಗೆದೆ:

"ಟೋಪಿ ಎಲ್ಲೋ ಉಮಾಶಂಕರಾ? ಬಾಗಿಲು ತೆಗ್ದಿಟ್ಟು ಬೀದಿಗೆಲ್ಲಾ ಬಿಸಿ ಕೊಡ್ತಾ ಇದ್ದೀಯಲ್ಲೋ! ಯಾವಾಗೋ ನಿಂಗೆ ಬುದ್ಧಿ ಬರೋದೂ, ಹೇಳೇಏಏ…"

ಅವನು ಬಾಟಲಿ ಕೈಬಿಟ್ಟು, ಓಡಿ ಬಂದು ಹೊರಗಿನಿಂದಲೇ ಬಾಗಿಲು ಎಳೆದ.

ಕೆಳಗಿನ ಕೋಣೆಯಿಂದ ನಿಜವಾದ ದನಿ ಮೆಟ್ಟಿಲು ಹತ್ತಿ ಬಂತು:

"ಗಂಡುಮಗನಿಗೆ 'ಹೇಳೋ' ಅಂತೀನೇ ನಾನು! ಮಾಡೋದಾದ್ರೆ ನೆಟ್ಟಗೆ ಮಾಡು. ಇನ್ನೂ ಸ್ವಲ್ಪ ಗಟ್ಟಿಯಾಗಿ ಬೈಯಿ, ಬಾಗಿಲು ಹಾಕ್ಕೊಂಡಿದಾನೆ, ಅವನಿಗೆ ಕೇಳ್ಸಲ್ಲ."